ನಲವತ್ತೊಂದನೇ ಕಂಬದ ಊರುಗೋಲು

ನಲವತ್ತರ ತನಕ ತಕರಾರಿಲ್ಲ.
ತಂತಿ ನೆಟ್ಟಗೆ ಬಂತು ಕುರಿಗಳ ಮೇಲೆ, ಹಳ್ಳದ ಮೇಲೆ,
ಪರದೆಯಲ್ಲಿ ನಾನೆಳೆದ ಗೆರೆಯ ಹಾಗೆಯೇ.
ನಲವತ್ತೊಂದರಲ್ಲಿ ರಸ್ತೆ ಹೊರಳುತ್ತದೆ
ಸಮುದ್ರದ ಕಡೆಗೆ. ಮೂವತ್ತೆಂಟು ಡಿಗ್ರಿ.
ಹೊರಳುವಲ್ಲಿ ನಿಂತವನ ಪಾಡು
ಎಲ್ಲ ಊರಲ್ಲೂ ಒಂದೇ:
ಆಚೆಯವರೂ ಜಗ್ಗುತ್ತಾರೆ, ಈಚೆಯವರೂ ಜಗ್ಗುತ್ತಾರೆ,
ನಡುವಿನವ ಒಳಮುಖವಾಗಿ ಬಾಗುತ್ತಾನೆ.

ಕಂಬ ಕೆಂಪಾಯಿತು.
ನೂರ ಅರವತ್ತೆರಡು ಪ್ರತಿಶತ, ಎಂದಿತು ಪೆಟ್ಟಿಗೆ,
ಗಾಳಿಯನ್ನು ಇನ್ನೂ ನಾನು ತುಂಬಿಯೇ ಇರಲಿಲ್ಲ.
ಇಲ್ಲಿ, ಸೌತ್‌ಲ್ಯಾಂಡಿನಲ್ಲಿ, ಗಾಳಿ ಬೀಸದ ದಿನ
ಜನ ಹೊರಗೆ ಬಂದು ಏನಾಯಿತೆಂದು ನೋಡುತ್ತಾರೆ.
ಕಡಲಂಚಿನ ಮರಗಳೆಲ್ಲ ಉತ್ತರಕ್ಕೆ ತಲೆ ಬಾಚಿಕೊಂಡಿವೆ;
ಅವಕ್ಕೆ ಯಾರೂ ಸ್ಟೇ ಕಟ್ಟಿಲ್ಲ.

ಸ್ಟೇ ಸೇರಿಸು: ಒಂದು ಗುಂಡಿ.
ಎಷ್ಟೆತ್ತರದಿಂದ? ಒಂಬತ್ತು ಮೀಟರ್.
ಯಾವ ದಿಕ್ಕಿಗೆ? ಬಾಗಿದ್ದರ ಬೆನ್ನಿಗೆ.
ಬುಡದಿಂದ ಎಷ್ಟು ದೂರ? ಏಳು.
ನೆಲದಡಿ ಹಿಡಿದುಕೊಳ್ಳುವವರು ಯಾರು?
ಪಟ್ಟಿ ಬಿಚ್ಚಿಕೊಂಡಿತು: ತಿರುಪು, ಫಲಕ, ಹೆಣ.
ಹೂತ ದಿಮ್ಮಿಗೆ ನಮ್ಮ ಕಸುಬಿನಲ್ಲಿ ಹೆಣವೆಂದೇ ಹೆಸರು.
ಹೆಣ ಆರಿಸಿದೆ. ಕಂಬ ಹಸಿರಾಯಿತು.
ಚಹಾ ಕುಡಿದೆ.

ಡಂಕನ್ ಗಾಲ್ಟ್ ಫೋನು ಮಾಡಿದ:
"ಐಲ್ಸಾ, ನಿನ್ನ ಹೆಣ ನನ್ನ ಗೇಟಿಗೆ ಅಡ್ಡ ಬಿದ್ದಿದೆ.
ಹಾಲಿನ ಟ್ಯಾಂಕರು ಹಾರಿಕೊಂಡು ಬರಬೇಕೇನು?"

ದೂರ ತಗ್ಗಿಸಿದೆ. ಏಳು ಹೋಗಿ ಆರು,
ಆರು ಹೋಗಿ ನಾಲ್ಕು, ಕಡೆಗೆ ಎರಡೂವರೆ.
ತಂತಿ ಕಂಬಕ್ಕೆ ಹತ್ತಿರ ಹತ್ತಿರ ಬಂದಷ್ಟೂ
ಹಿಡಿದು ನಿಲ್ಲಿಸುವುದು ಕಡಿಮೆ,
ನೆಲಕ್ಕೆ ತುರುಕುವುದೇ ಹೆಚ್ಚು.
ಕೆಲವು ನೆಂಟರ ಹಾಗೆ.
ಈಗ ಕಂಬವೂ ಕೆಂಪು, ತಂತಿಯೂ ಕೆಂಪು.

ಹಾಗಾದರೆ ಒಳಗಿನಿಂದ ಒತ್ತೋಣ ಎಂದುಕೊಂಡೆ,
ಓರೆಯಾಗಿ ಒಂದು ಕೋಲು ಆನಿಸಿ.
ಪಟ್ಟಿಯಲ್ಲಿ ಹುಡುಕಿದೆ. ಕೋಲು ಇಲ್ಲ.
ಈ ತಂತ್ರಾಂಶ ಬರೆದವರ ಊರಿನಲ್ಲಿ
ಜಾಗ ಬೇಕಾದಷ್ಟಿತ್ತೇನೋ.
ತಂತಿಯನ್ನೇ ಒಳಬದಿಗೆ ಕಟ್ಟಿ ನೋಡಿದೆ.
ಸಡಿಲ, ಎಂದಿತು. ಸೊನ್ನೆ, ಎಂದಿತು.
ತಂತಿಗೆ ಎಳೆಯುವುದೊಂದೇ ಗೊತ್ತು;
ತಳ್ಳು ಅಂದರೆ ಜೋತುಬೀಳುತ್ತದೆ.

ಮೂರು ಗಂಟೆಗೆ ಒಂದು ಸುಳ್ಳು ಹೊಳೆಯಿತು.
ಇನ್ನೊಂದು ಕಂಬ ನೆಟ್ಟೆ, ನಲವತ್ತೊಂದು-ಅ.
ಅದನ್ನು ಇಪ್ಪತ್ತೈದು ಡಿಗ್ರಿ ಬೀಳಿಸಿದೆ,
ಬೀಳುವವನ ತಲೆಯನ್ನು ನಿಂತವನ ಹೆಗಲಿಗೆ ಬೋಲ್ಟು ಹಾಕಿದೆ.
ಎರಡು ಸಲ ಕೇಳಿತು: ಕಂಬ ವಾಲಿದೆ, ಖಚಿತವೇ?
ಖಚಿತ.
ತಿರುಗಿತು, ತಿರುಗಿತು ಆ ಪುಟ್ಟ ಚಕ್ರ.
ಎಂಬತ್ತೇಳು. ಹಸಿರು.

ಮಂಗಳವಾರ ರಾವಿರಿ ಗುಂಡಿಯೊಳಗಿನಿಂದ ಮಾತಾಡಿದ,
ಗಾಳಿ ಅರ್ಧ ಮಾತು ತಿಂದಿತು.
"ಗಟ್ಟಿ ನೆಲ ಅಂತ ಬರೆದಿದ್ದೀಯ. ಎಲ್ಲಿಯ ಗಟ್ಟಿ?
ಇದು ಸಾವಿರ ವರ್ಷದ ಕೊಳೆತ ಹುಲ್ಲು. ಹಾರೆ ಹಾಕಿದರೆ
ಹಾರೆಯನ್ನೇ ನುಂಗುತ್ತದೆ. ಒಂದು ಬೂಟು ಹೋಯಿತು."
ನಾನು ಪಟ್ಟಿ ನೋಡಿದೆ: ಜೇಡಿ, ಮರಳು, ಜಲ್ಲಿ.
ಬೂಟು ನುಂಗುವ ಮಣ್ಣು ಅದರಲ್ಲಿರಲಿಲ್ಲ.
ಅವನೇ ಡಂಕನ್ನನ ಷೆಡ್ಡಿನ ಹಿಂದಿದ್ದ
ಹಳೆಯ ರೈಲುದಿಮ್ಮಿಗಳನ್ನು ಎಳೆದು ತಂದು
ಅಡ್ಡಡ್ಡ ಹಾಸಿ, ಕೋಲಿಗೊಂದು ಪಾದ ಮಾಡಿಕೊಟ್ಟ.
ಲಕೋಟೆಯ ಹಿಂಬದಿ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದೆ.
ಸಾಲುತ್ತದೆ.
ಆ ಪಾದ ಚಿತ್ರದಲ್ಲಿಲ್ಲ; ಷರಾದಲ್ಲಿದೆ, ಸಣ್ಣ ಅಕ್ಷರದಲ್ಲಿ.

ಆಗಸ್ಟಿನಲ್ಲಿ ದಕ್ಷಿಣದ ಗಾಳಿ ಬಂತು, ಎರಡು ರಾತ್ರಿ.
ಡಂಕನ್ನನ ಷೆಡ್ಡಿನ ತಗಡು ಇನ್ನೂ ಸಿಕ್ಕಿಲ್ಲ.
ರಾವಿರಿ ಒಂದು ಫೋಟೋ ಕಳಿಸಿದ:
ಕೋಲಿಗೆ ಕತ್ತು ಉಜ್ಜುತ್ತಿರುವ ಕಪ್ಪು ಹಸು.
"ಈ ಭಾರ ಹಾಕಿದ್ದೀಯಾ?"
ಹಾಕಿರಲಿಲ್ಲ.

ಕಡತ ತೆರೆದಾಗಲೆಲ್ಲ ಈಗಲೂ ಎಚ್ಚರಿಸುತ್ತದೆ:
ಕಂಬ ನಲವತ್ತೊಂದು-ಅ ಯಾವ ತಂತಿಯನ್ನೂ ಹೊತ್ತಿಲ್ಲ.
ಯಾವ ಮನೆಗೂ ಸೇರಿಲ್ಲ. ಅಳಿಸಲೇ?
ಎರಡು ಗುಂಡಿ ಕೊಡುತ್ತದೆ.
ಬೇಡ ಅನ್ನುವುದು ಎಡಗಡೆಯದು.